ಕಮಾಂಡ್ ಲೈನ್‌ನಲ್ಲಿ ಕನ್ನಡ ಪಠ್ಯ ಕಡತಗಳು: ಹುಡುಕುವ, ನೋಡುವ, ತಿದ್ದುವ ಕ್ರಮ

ಕನ್ನಡದಲ್ಲಿ ಬರೆಯುವ, ಕರಡು ತಿದ್ದುವ, ಹಳೆಯ ಬರಹಗಳನ್ನು ಬೆರಳಚ್ಚು ಮಾಡಿ ಉಳಿಸುವ ಕೆಲಸದಲ್ಲಿ ತೊಡಗಿದವರ ಬಳಿ ಕೆಲವೇ ವರ್ಷಗಳಲ್ಲಿ ನೂರಾರು ಪಠ್ಯ ಕಡತಗಳು ಸೇರಿಬಿಡುತ್ತವೆ. ಒಂದು ಪದ ಅವುಗಳಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಲು ಒಂದೊಂದನ್ನೇ ತೆರೆದು, ಹುಡುಕಿ, ಮುಚ್ಚುತ್ತ ಕುಳಿತರೆ ಇಡೀ ದಿನ ಕಳೆಯುತ್ತದೆ. ಅದೇ ಕೆಲಸ ಕಮಾಂಡ್ ಲೈನ್‌ನಲ್ಲಿ, ಅಂದರೆ ಮೌಸ್ ಬದಲು ಆದೇಶಗಳನ್ನು ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ಕ್ರಮದಲ್ಲಿ, ಒಂದು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಈ ಆದೇಶಗಳ ಬಗ್ಗೆ ಸಿಗುವ ಬಹುತೇಕ ಪಾಠಗಳು ಇಂಗ್ಲಿಷ್ ಪಠ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕನ್ನಡ ಪಠ್ಯದ ಮೇಲೆ ಅವನ್ನು ಹಾಗೆಯೇ ಪ್ರಯೋಗಿಸಿದಾಗ ಕಣ್ಣೆದುರಿಗೇ ಇರುವ ಪದ ಸಿಗದೆ ಹೋಗುತ್ತದೆ, ಬೇಡದ ಪದ ಬದಲಾಗಿಬಿಡುತ್ತದೆ. ಹಾಗಾಗದಂತೆ ಕೆಲಸ ಮಾಡುವುದು ಹೇಗೆಂಬುದನ್ನು ಒಂದು ನಿಜವಾದ ಕೆಲಸವನ್ನೇ ಹಿಡಿದು ಹಂತಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಕೆಲಸ ಇದು: "ಲೇಖನಗಳು" ಎಂಬ ಫೋಲ್ಡರ್‌ನಲ್ಲಿ ಹಲವು ಲೇಖಕರು ಕಳುಹಿಸಿದ ಪಠ್ಯ ಕಡತಗಳಿವೆ. ಕೆಲವರು "ಇಂಗ್ಲಿಷ್" ಎಂದು ಹ್ರಸ್ವವಾಗಿ ಬರೆದಿದ್ದಾರೆ, ಕೆಲವರು "ಇಂಗ್ಲೀಷ್" ಎಂದು ದೀರ್ಘವಾಗಿ. ಎಲ್ಲವನ್ನೂ ಹ್ರಸ್ವರೂಪಕ್ಕೆ ತರಬೇಕು, ಮತ್ತು ಆ ನಡುವೆ ಬೇರೆ ಒಂದು ಅಕ್ಷರವೂ ಕೆಡಬಾರದು.

ಶುರು ಮಾಡುವ ಮುನ್ನ

ಇಲ್ಲಿನ ಆದೇಶಗಳು ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಹಾಗೆಯೇ ಕೆಲಸ ಮಾಡುತ್ತವೆ. ವಿಂಡೋಸ್ ಬಳಸುವವರು ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ ಮೂಲಕ ಉಬುಂಟು ಹಾಕಿಕೊಳ್ಳಬಹುದು, ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಸಾಕು. ಮ್ಯಾಕ್‌ನ ಟರ್ಮಿನಲ್‌ನಲ್ಲಿಯೂ ಹೆಚ್ಚಿನವು ನಡೆಯುತ್ತವೆ, ಆದರೆ ಕೆಲವು ಆಯ್ಕೆಗಳು (ಆದೇಶದ ಜೊತೆಗೆ ಅಡ್ಡಗೆರೆ ಹಾಕಿ ಕೊಡುವ ಸೂಚನೆಗಳು) ಅಲ್ಲಿ ಬೇರೆ ರೀತಿ ಇವೆ.

ಬರಹದ ಕ್ರಮವನ್ನೂ ಹೇಳಿಬಿಡಬೇಕು. ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಬೇಕು. ದೊಡ್ಡ ಅಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇನೆ. ಫೈಂಡ್, ಹೆಡ್, ಟೇಲ್, ಲೆಸ್ ಮುಂತಾದವು ಸಾಮಾನ್ಯ ಇಂಗ್ಲಿಷ್ ಪದಗಳು. ಹಾಗಲ್ಲದವುಗಳ ಕಾಗುಣಿತವನ್ನು ಮೊದಲ ಸಲ ಬಂದಾಗ ಬಿಡಿಸಿ ಕೊಟ್ಟಿದ್ದೇನೆ. ಹುಡುಕುವ ಕನ್ನಡ ಪದಗಳನ್ನೂ ಕನ್ನಡ ಕಡತಹೆಸರುಗಳನ್ನೂ ಮಾತ್ರ ಕನ್ನಡದಲ್ಲೇ ಟೈಪ್ ಮಾಡಬೇಕು.

ಮೊದಲ ಹೆಜ್ಜೆಯಾಗಿ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು, ಅದು ಯಾವ ಅಕ್ಷರಸಂಕೇತವನ್ನು ಬಳಸುತ್ತಿದೆ ಎಂದು ಕೇಳಿ:

    ಲೊಕೇಲ್ ಚಾರ್‌ಮ್ಯಾಪ್

(ಎಲ್-ಒ-ಸಿ-ಎ-ಎಲ್-ಇ, ಒಂದು ಖಾಲಿ ಜಾಗ, ಸಿ-ಎಚ್-ಎ-ಆರ್-ಎಂ-ಎ-ಪಿ.) ಉತ್ತರ "ಯುಟಿಎಫ್-8" ಎಂದು ಬಂದರೆ ಮುಂದುವರಿಯಬಹುದು; ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಟ್ಟಿರುವ ಯುನಿಕೋಡ್ ಅನ್ನು ಕಡತದಲ್ಲಿ ಬೈಟ್‌ಗಳಾಗಿ ಬರೆದಿಡುವ ಕ್ರಮ ಅದು. ಬೇರೇನಾದರೂ ಬಂದರೆ, ಮುಂದಿನ ಹಲವು ಆದೇಶಗಳು ಕನ್ನಡವನ್ನು ಅಕ್ಷರಗಳೆಂದು ತಿಳಿಯದೆ ಬರಿಯ ಬೈಟ್‌ಗಳೆಂದು ನೋಡುತ್ತವೆ. ಆಗ ಈ ಸಾಲನ್ನು ಕೊಡಿ. ಎಕ್ಸ್‌ಪೋರ್ಟ್ ಎಂಬುದು ಸಣ್ಣ ಅಕ್ಷರಗಳಲ್ಲೇ ಇರಲಿ, ಅದರ ನಂತರ ಸಮಚಿಹ್ನೆಯ ಎರಡೂ ಬದಿಯ ಅಕ್ಷರಗಳೆಲ್ಲ ದೊಡ್ಡವಾಗಿರಬೇಕು:

    ಎಕ್ಸ್‌ಪೋರ್ಟ್ ಎಲ್‌ಸಿ_ಎಎಲ್‌ಎಲ್=ಸಿ.ಯುಟಿಎಫ್-8

ಇನ್ನು ಫೋಲ್ಡರ್‌ಗೆ ಹೋಗಬೇಕು. ಸಿಡಿ (ಸಿ-ಡಿ) ಎಂಬುದು ಒಳಹೋಗುವ ಆದೇಶ, ಪಿಡಬ್ಲ್ಯೂಡಿ (ಪಿ-ಡಬ್ಲ್ಯೂ-ಡಿ) ಈಗ ಎಲ್ಲಿದ್ದೇವೆ ಎಂದು ಹೇಳುತ್ತದೆ, ಎಲ್‌ಎಸ್ (ಎಲ್-ಎಸ್) ಏನೇನಿದೆ ಎಂದು ತೋರಿಸುತ್ತದೆ. "ಸಿಡಿ ಲೇಖನಗಳು" ಎಂದು ಹೋಗಿ, "ಎಲ್‌ಎಸ್ -ಎಲ್ -ಎಚ್ -ಟಿ" ಎಂದು ಕೊಟ್ಟರೆ ಕಡತಗಳು ಗಾತ್ರ, ದಿನಾಂಕಗಳ ಸಮೇತ, ಇತ್ತೀಚೆಗೆ ಬದಲಾದದ್ದು ಮೇಲೆ ಬರುವಂತೆ ಕಾಣುತ್ತವೆ. ಉದ್ದನೆಯ ಕನ್ನಡ ಹೆಸರುಗಳನ್ನು ಪೂರ್ತಿ ಟೈಪ್ ಮಾಡಬೇಕಿಲ್ಲ. ಮೊದಲ ಅಕ್ಷರ ಹಾಕಿ ಟ್ಯಾಬ್ ಕೀಲಿ ಒತ್ತಿದರೆ ಉಳಿದದ್ದು ತಾನಾಗಿ ತುಂಬಿಕೊಳ್ಳುತ್ತದೆ.

ಕಡತವನ್ನು ಹುಡುಕುವುದು

ಕಡತ ಎಲ್ಲಿದೆ ಎಂಬುದೇ ಮರೆತಿದ್ದರೆ ಫೈಂಡ್ ಬೇಕು. ಅದರ ರಚನೆ ಸರಳ: ಎಲ್ಲಿ ಹುಡುಕಬೇಕು, ಯಾವ ಲಕ್ಷಣದ್ದನ್ನು ಹುಡುಕಬೇಕು, ಸಿಕ್ಕಿದ್ದನ್ನು ಏನು ಮಾಡಬೇಕು. ಮೂರನೆಯದನ್ನು ಹೇಳದಿದ್ದರೆ ಹೆಸರನ್ನಷ್ಟೇ ತೋರಿಸುತ್ತದೆ.

    ಫೈಂಡ್ . -ಟೈಪ್ ಎಫ್ -ನೇಮ್ "*.ಟಿಎಕ್ಸ್‌ಟಿ"

ಇಲ್ಲಿನ ಚುಕ್ಕಿಯ ಅರ್ಥ "ನಾನೀಗ ಇರುವ ಫೋಲ್ಡರ್ ಮತ್ತು ಅದರೊಳಗಿನ ಎಲ್ಲವೂ". "-ಟೈಪ್ ಎಫ್" ಎಂದರೆ ಫೋಲ್ಡರ್‌ಗಳನ್ನು ಬಿಟ್ಟು ಕಡತಗಳನ್ನು ಮಾತ್ರ. ನಕ್ಷತ್ರ ಎಂದರೆ ಆ ಜಾಗದಲ್ಲಿ ಏನಿದ್ದರೂ ಸರಿ ಎಂದು. ನಕ್ಷತ್ರವಿರುವ ಭಾಗವನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು ಅಗತ್ಯ. ಇಡದಿದ್ದರೆ ಫೈಂಡ್‌ಗೆ ತಲುಪುವ ಮೊದಲೇ ಶೆಲ್ (ನಾವು ಟೈಪ್ ಮಾಡಿದ ಆದೇಶವನ್ನು ಓದಿ ನಡೆಸುವ ತಂತ್ರಾಂಶ) ಆ ನಕ್ಷತ್ರವನ್ನು ತಾನೇ ಬಿಡಿಸಿ ಕಡತಗಳ ಹೆಸರುಗಳಾಗಿ ಬದಲಿಸಿಬಿಡಬಹುದು. ಹೆಸರಿನಲ್ಲಿ ಕನ್ನಡವಿದ್ದರೂ ಇದೇ ಕ್ರಮ: -ನೇಮ್ "*ಜಾತ್ರೆ*" ಎಂದರೆ ಹೆಸರಿನಲ್ಲಿ ಜಾತ್ರೆ ಎಂದಿರುವ ಎಲ್ಲ ಕಡತಗಳು ಬರುತ್ತವೆ. ಕಳೆದ ಏಳು ದಿನಗಳಲ್ಲಿ ಬದಲಾದವು ಮಾತ್ರ ಬೇಕಿದ್ದರೆ "-ಎಂಟೈಮ್ -7" (ಎಂ-ಟಿ-ಐ-ಎಂ-ಇ) ಸೇರಿಸಬೇಕು.

ಫೈಂಡ್ ತನ್ನ ಷರತ್ತುಗಳನ್ನು ಎಡದಿಂದ ಬಲಕ್ಕೆ ಓದುತ್ತದೆ. ಅಳಿಸುವ ಆಯ್ಕೆಯಾದ "-ಡಿಲೀಟ್" ಅನ್ನು ಹೆಸರಿನ ಷರತ್ತಿಗಿಂತ ಮೊದಲು ಬರೆದರೆ ಅದು ಹೆಸರು ನೋಡುವ ಮೊದಲೇ ಎಲ್ಲವನ್ನೂ ಅಳಿಸುತ್ತದೆ. ಆದ್ದರಿಂದ ಮೊದಲು ಆ ಆಯ್ಕೆ ಇಲ್ಲದೆ ಆದೇಶ ಕೊಟ್ಟು, ಪಟ್ಟಿಯನ್ನು ಓದಿ, ಅದೇ ಆದೇಶದ ಕೊನೆಗೆ ಅಳಿಸುವ ಆಯ್ಕೆಯನ್ನು ಸೇರಿಸುವುದು ಕ್ಷೇಮ.

ತೆರೆಯದೆ ನೋಡುವುದು

ಕಡತ ಸಿಕ್ಕಿದ ಮೇಲೆ ತಿದ್ದುವ ತಂತ್ರಾಂಶದಲ್ಲಿ ತೆರೆಯುವ ಅವಸರ ಬೇಡ. ನೋಡುವುದಕ್ಕಷ್ಟೇ ಇರುವ ಆದೇಶಗಳು ಕಡತವನ್ನು ಎಂದೂ ಬದಲಿಸುವುದಿಲ್ಲ, ಹಾಗಾಗಿ ಅವುಗಳಿಂದ ಅಪಾಯವಿಲ್ಲ. ನಾನು ಮೊದಲು ಕೊಡುವ ಆದೇಶ ಫೈಲ್:

    ಫೈಲ್ *.ಟಿಎಕ್ಸ್‌ಟಿ

ಪ್ರತಿ ಕಡತ ಯಾವ ಸಂಕೇತದಲ್ಲಿದೆ ಎಂದು ಇದು ಹೇಳುತ್ತದೆ. ಎಲ್ಲವೂ ಯುಟಿಎಫ್-8 ಎಂದು ಬರಬೇಕು. ಕೆಲವು ಯುಟಿಎಫ್-16 ಎಂದು ಬರಬಹುದು: ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್‌ನಲ್ಲಿ "ಯುನಿಕೋಡ್" ಎಂದು ಆಯ್ದು ಉಳಿಸಿದ ಕಡತಗಳು ಹೀಗಿರುತ್ತವೆ, ಮತ್ತು ಅವುಗಳೊಳಗೆ ಮುಂದಿನ ಹುಡುಕಾಟಗಳು ಏನನ್ನೂ ಕಾಣುವುದಿಲ್ಲ. ಅಂಥದ್ದನ್ನು ಐಕಾನ್ವ್ (ಐ-ಸಿ-ಒ-ಎನ್-ವಿ) ಮೂಲಕ ಬದಲಿಸಿಕೊಳ್ಳಬೇಕು:

    ಐಕಾನ್ವ್ -ಎಫ್ ಯುಟಿಎಫ್-16 -ಟಿ ಯುಟಿಎಫ್-8 ಹಳೆಯದು.ಟಿಎಕ್ಸ್‌ಟಿ > ಹೊಸದು.ಟಿಎಕ್ಸ್‌ಟಿ

ಬಲಬಾಣದ ಚಿಹ್ನೆ ಆದೇಶದ ಫಲಿತವನ್ನು ಪರದೆಗೆ ಬದಲಾಗಿ ಕಡತಕ್ಕೆ ಬರೆಯುತ್ತದೆ. ಇದರ ಬಗ್ಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಬಾಣದ ಬಲಕ್ಕಿರುವ ಕಡತವನ್ನು ಶೆಲ್ ಮೊಟ್ಟಮೊದಲು ಖಾಲಿ ಮಾಡುತ್ತದೆ, ಆಮೇಲೆ ಆದೇಶವನ್ನು ನಡೆಸುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಹೆಸರು ಕೊಟ್ಟರೆ ಓದುವಷ್ಟರಲ್ಲಿ ಓದುವುದಕ್ಕೇ ಏನೂ ಉಳಿದಿರುವುದಿಲ್ಲ. ನಾನು ಒಮ್ಮೆ ಪದಪಟ್ಟಿಯೊಂದನ್ನು ಅಕಾರಾದಿಯಾಗಿ ಜೋಡಿಸಿ ಅದೇ ಹೆಸರಿಗೆ ಬರೆಯಲು ಹೋಗಿ ಎರಡು ವಾರ ಕೂಡಿಸಿದ ಪದಗಳನ್ನು ಕಳೆದುಕೊಂಡೆ. ಅಂದಿನಿಂದ ಬಾಣದ ಬಲಕ್ಕೆ ಯಾವಾಗಲೂ ಹೊಸ ಹೆಸರನ್ನೇ ಬರೆಯುತ್ತೇನೆ.

ಕಡತ ಚಿಕ್ಕದಾಗಿದ್ದರೆ ಕ್ಯಾಟ್ (ಸಿ-ಎ-ಟಿ) ಸಾಕು, ಎಲ್ಲವನ್ನೂ ಒಮ್ಮೆಗೇ ಪರದೆಗೆ ಸುರಿಯುತ್ತದೆ. "ಹೆಡ್ -ಎನ್ 20" ಮೊದಲ ಇಪ್ಪತ್ತು ಸಾಲು, "ಟೇಲ್ -ಎನ್ 20" ಕೊನೆಯ ಇಪ್ಪತ್ತು ಸಾಲು ತೋರಿಸುತ್ತವೆ. ದೊಡ್ಡ ಕಡತಕ್ಕೆ ಲೆಸ್:

    ಲೆಸ್ -ಎನ್ ಲೇಖನ.ಟಿಎಕ್ಸ್‌ಟಿ

ಇಲ್ಲಿನ ಎನ್ ದೊಡ್ಡದು, ಸಾಲುಸಂಖ್ಯೆ ತೋರಿಸಲಿ ಎಂದು. ಸ್ಪೇಸ್ ಒತ್ತಿದರೆ ಮುಂದಿನ ಪುಟ, ಬಿ ಒತ್ತಿದರೆ ಹಿಂದಿನ ಪುಟ, ಓರೆಗೆರೆ ಹಾಕಿ ಪದ ಬರೆದು ಎಂಟರ್ ಒತ್ತಿದರೆ ಆ ಪದ, ಎನ್ ಒತ್ತಿದರೆ ಅದೇ ಪದ ಮುಂದೆ ಬಂದಿರುವ ಜಾಗ, ದೊಡ್ಡ ಜಿ ಒತ್ತಿದರೆ ಕಡತದ ಕೊನೆ, ಕ್ಯೂ ಒತ್ತಿದರೆ ಹೊರಕ್ಕೆ. ಇವೆಲ್ಲ ಇಂಗ್ಲಿಷ್ ಕೀಲಿಗಳು. ಕನ್ನಡ ಕೀಲಿಮಣೆ ಚಾಲ್ತಿಯಲ್ಲಿದ್ದರೆ ಕ್ಯೂ ಒತ್ತಿದರೂ ಹೊರಬರಲಾಗದು. ಪದ ಬರೆಯುವಾಗ ಕನ್ನಡಕ್ಕೂ, ಮುಗಿದೊಡನೆ ಇಂಗ್ಲಿಷ್‌ಗೂ ಬದಲಾಯಿಸುವ ಅಭ್ಯಾಸ ಮಾಡಿಕೊಳ್ಳಬೇಕು.

ಬಹಳಷ್ಟು ಟರ್ಮಿನಲ್‌ಗಳು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸಿ ತೋರಿಸುವುದಿಲ್ಲ. ಒತ್ತು ಪಕ್ಕಕ್ಕೆ ಸರಿದಿರುತ್ತದೆ, ಗುಣಿತದ ಚಿಹ್ನೆ ತೇಲುತ್ತಿರುತ್ತದೆ. ಇದನ್ನು ಕಂಡು ಕಡತವೇ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ತೋರಿಕೆ ಬೇರೆ, ಕಡತದೊಳಗಿನ ಅಕ್ಷರಗಳು ಬೇರೆ. ತೋರಿಕೆ ತೀರಾ ತೊಂದರೆ ಕೊಟ್ಟರೆ ಕಾನ್ಸೋಲ್‌ನಂಥ ಬೇರೆ ಟರ್ಮಿನಲ್ ಪ್ರಯತ್ನಿಸಿ ನೋಡಬಹುದು.

ಕಡತದೊಳಗಿನ ಪದವನ್ನು ಹುಡುಕುವುದು

ಇಡೀ ಕೆಲಸದ ಜೀವಾಳ ಗ್ರೆಪ್ (ಜಿ-ಆರ್-ಇ-ಪಿ). ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ವ್ಯವಸ್ಥೆಯ ಹಳೆಯ ಎಡಿಟರ್ (ತಿದ್ದುವ ತಂತ್ರಾಂಶ) ಆದ ಇಡಿಯಲ್ಲಿ ಒಂದು ಮಾದರಿಗೆ ಹೊಂದುವ ಸಾಲುಗಳನ್ನೆಲ್ಲ ಮುದ್ರಿಸಲು ಜಿ, ಓರೆಗೆರೆ, ಮಾದರಿ, ಓರೆಗೆರೆ, ಪಿ ಎಂದು ಬರೆಯುತ್ತಿದ್ದರು. ನಡುವಿನ ಮಾದರಿಗೆ ಆರ್‌ಇ (ರೆಗ್ಯುಲರ್ ಎಕ್ಸ್‌ಪ್ರೆಷನ್) ಎಂದು ಹೆಸರು. ಕೆನ್ ಥಾಂಪ್ಸನ್ ಅದನ್ನು ಪ್ರತ್ಯೇಕ ಆದೇಶವಾಗಿಸಿದಾಗ ಆ ಅಕ್ಷರಗಳೇ ಹೆಸರಾದವು. 1973ರಿಂದ ಅದು ಯುನಿಕ್ಸ್‌ನ ಭಾಗವಾಗಿದೆ.

    ಗ್ರೆಪ್ -ಆರ್ -ಎನ್ 'ಇಂಗ್ಲೀಷ್' .

"-ಆರ್" ಎಂದರೆ ಒಳಗಿನ ಫೋಲ್ಡರ್‌ಗಳಿಗೂ ಇಳಿ ಎಂದು, "-ಎನ್" ಎಂದರೆ ಸಾಲುಸಂಖ್ಯೆ ತೋರಿಸು ಎಂದು. ಪದ ಸಿಕ್ಕ ಪ್ರತಿ ಸಾಲಿಗೂ ಕಡತದ ಹೆಸರು, ಸಾಲುಸಂಖ್ಯೆ, ಆ ಸಾಲು ಕಾಣುತ್ತವೆ. ಹೆಸರುಗಳಷ್ಟೇ ಬೇಕಿದ್ದರೆ "-ಎಲ್", ಪ್ರತಿ ಕಡತದಲ್ಲಿ ಎಷ್ಟು ಸಾಲುಗಳು ಎಂಬ ಲೆಕ್ಕ ಬೇಕಿದ್ದರೆ "-ಸಿ", ಮೇಲೆ ಕೆಳಗೆ ಎರಡೆರಡು ಸಾಲುಗಳ ಸಂದರ್ಭ ಬೇಕಿದ್ದರೆ ದೊಡ್ಡ ಸಿ ಹಾಕಿ "-ಸಿ 2". ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಬಿಡುವ "-ಐ" ಆಯ್ಕೆಯಿಂದ ಕನ್ನಡಕ್ಕೆ ಉಪಯೋಗವಿಲ್ಲ, ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ.

ಈಗ ಆ ಆದೇಶ ಕೊಟ್ಟು ನೋಡಿ. ಬಂದ ಫಲಿತ ಅಪೂರ್ಣ. ಏಕೆಂದರೆ ಕನ್ನಡದಲ್ಲಿ ಪದ ಒಂಟಿಯಾಗಿ ಬರುವುದು ಕಡಿಮೆ. "ಇಂಗ್ಲೀಷಿನಲ್ಲಿ", "ಇಂಗ್ಲೀಷಿಗೆ", "ಇಂಗ್ಲೀಷನ್ನು" ಎಂದೆಲ್ಲ ವಿಭಕ್ತಿ ಹತ್ತಿಯೇ ಬರುತ್ತದೆ, ಮತ್ತು ಆ ಯಾವ ರೂಪದಲ್ಲಿಯೂ ಕೊನೆಯ ಅರ್ಧಾಕ್ಷರ "ಷ್" ಇಲ್ಲ. ಗ್ರೆಪ್ ಏನನ್ನು ನೋಡುತ್ತದೆ ಎಂಬುದು ಇಲ್ಲಿ ತಿಳಿಯಬೇಕು. ನಾವು "ಷ್" ಅನ್ನು ಒಂದು ಅಕ್ಷರವೆಂದು ಓದುತ್ತೇವೆ. ಕಡತದಲ್ಲಿ ಅದು ಎರಡು: "ಷ" ಮತ್ತು ಅದರ ಅಕಾರವನ್ನು ತೆಗೆಯುವ ಹಲಂತ ಚಿಹ್ನೆ. "ಷಿ" ಕೂಡ ಎರಡೇ: "ಷ" ಮತ್ತು ಗುಡಿಸು. ಆದ್ದರಿಂದ ಹುಡುಕುವ ಪದವನ್ನು ಬರಿಯ "ಷ"ಕ್ಕೆ ನಿಲ್ಲಿಸಿದರೆ ಎಲ್ಲ ರೂಪಗಳೂ ಸಿಗುತ್ತವೆ:

    ಗ್ರೆಪ್ -ಆರ್ -ಎನ್ 'ಇಂಗ್ಲೀಷ' .

ಕಮಾಂಡ್ ಲೈನ್‌ನಲ್ಲಿ ಕನ್ನಡ ಹುಡುಕುವವರು ಕಲಿಯಬೇಕಾದ ಎಲ್ಲಕ್ಕಿಂತ ದೊಡ್ಡ ಉಪಾಯ ಇದು. "ಊರು" ಎಂದು ಹುಡುಕಿದರೆ "ಊರಿಗೆ" ಸಿಗದು, "ಊರ" ಎಂದರೆ ಊರು, ಊರಿಗೆ, ಊರಲ್ಲಿ, ಊರಿನ ಎಲ್ಲವೂ ಸಿಗುತ್ತವೆ. ಆದರೂ "ತವರೂರು" ಸಿಗುವುದಿಲ್ಲ. ಸಂಧಿಯಾದಾಗ "ಊ" ಎಂಬ ಸ್ವರಾಕ್ಷರ ಹೋಗಿ ಅದರ ಗುಣಿತಚಿಹ್ನೆ ಬಂದಿರುತ್ತದೆ, ಗ್ರೆಪ್‌ಗೆ ಅವೆರಡೂ ಬೇರೆ ಬೇರೆ ಅಕ್ಷರಗಳು. ಸಂಧಿಪದಗಳು ಬೇಕೆಂದರೆ ಅವನ್ನು ಪ್ರತ್ಯೇಕವಾಗಿ, "ರೂರ" ಎಂಬಂತೆ ಸಂಧಿಯಾದ ರೂಪದಲ್ಲೇ ಹುಡುಕಬೇಕಾಗುತ್ತದೆ.

ಅಕ್ಷರಗಳ ಎಣಿಕೆಯನ್ನು ಕಣ್ಣಾರೆ ಕಾಣಲು ಡಬ್ಲ್ಯೂಸಿ (ಡಬ್ಲ್ಯೂ-ಸಿ) ಬಳಸಬಹುದು:

    ಎಕೋ 'ಕನ್ನಡ' | ಡಬ್ಲ್ಯೂಸಿ -ಎಂ
    ಎಕೋ 'ಕನ್ನಡ' | ಡಬ್ಲ್ಯೂಸಿ -ಸಿ

ಎಕೋ (ಇ-ಸಿ-ಎಚ್-ಒ) ಕೊಟ್ಟದ್ದನ್ನು ಹೇಳುತ್ತದೆ. ನಡುವಿನ ಲಂಬರೇಖೆ ಪೈಪ್, ಎಡದ ಆದೇಶದ ಫಲಿತವನ್ನು ಬಲದ ಆದೇಶಕ್ಕೆ ಒಯ್ಯುತ್ತದೆ. ಮೊದಲನೆಯದರ ಉತ್ತರ 6, ಎರಡನೆಯದರ ಉತ್ತರ 16. ಎರಡರಲ್ಲಿಯೂ ಒಂದು ಸಾಲುಮುರಿವಿನದು. ಉಳಿದ ಐದು ಯುನಿಕೋಡ್ ಅಕ್ಷರಗಳು ಕ, ನ, ಹಲಂತ, ನ, ಡ. ಕನ್ನಡದ ಪ್ರತಿ ಅಕ್ಷರ ಯುಟಿಎಫ್-8ರಲ್ಲಿ ಮೂರು ಬೈಟ್, ಹಾಗಾಗಿ ಹದಿನೈದು ಬೈಟ್. ಮಾದರಿಯಲ್ಲಿ ಚುಕ್ಕಿ ಎಂದರೆ "ಯಾವುದಾದರೂ ಒಂದು ಅಕ್ಷರ" ಎಂದರ್ಥವಾದರೂ ಅದು ಈ ಐದರ ಲೆಕ್ಕದಲ್ಲಿ ಒಂದು. "ಕನ್ನಡ" ಪದಕ್ಕೆ 'ಕ.ಡ' ಹೊಂದುವುದಿಲ್ಲ, 'ಕ...ಡ' ಹೊಂದುತ್ತದೆ. ಗ್ರೆಪ್ ಬರೆದ ಕೆನ್ ಥಾಂಪ್ಸನ್ ಅವರೇ 1992ರಲ್ಲಿ ರಾಬ್ ಪೈಕ್ ಅವರೊಡನೆ ಯುಟಿಎಫ್-8 ಅನ್ನೂ ರೂಪಿಸಿದರು; ಇಂಗ್ಲಿಷಿಗಾಗಿ ಹುಟ್ಟಿದ ಈ ಹಳೆಯ ಆದೇಶಗಳು ಇಂದು ಕನ್ನಡವನ್ನೂ ಹುಡುಕಿಕೊಡುತ್ತಿರುವುದಕ್ಕೆ ಆ ಸಂಕೇತಕ್ರಮವೇ ಕಾರಣ ಎಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ.

ಕಣ್ಣಿಗೆ ಕಂಡರೂ ಸಿಗದ ಪದಗಳು

ಲೆಸ್‌ನಲ್ಲಿ ಪದ ಕಾಣುತ್ತಿದೆ, ಗ್ರೆಪ್ ಇಲ್ಲವೆನ್ನುತ್ತಿದೆ. ಹೀಗಾದಾಗ ಮೂರು ಕಾರಣಗಳನ್ನು ಕ್ರಮವಾಗಿ ಪರೀಕ್ಷಿಸಬೇಕು.

ಸಾಮಾನ್ಯವಾದದ್ದು ಕಾಣದ ಅಕ್ಷರ. "ಸಾಫ್ಟ್‌ವೇರ್" ಎಂದು ಬರೆಯುವಾಗ "ಟ್" ಮತ್ತು "ವೇ" ಒಂದಕ್ಕೊಂದು ಒತ್ತಾಗಿ ಅಂಟದಿರಲಿ ಎಂದು ಕೀಲಿಮಣೆಗಳು ಅವುಗಳ ನಡುವೆ ಅಗಲವೇ ಇಲ್ಲದ ಒಂದು ಅಕ್ಷರವನ್ನು ಹಾಕುತ್ತವೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದು ಹುಡುಕಲು ಆ ಜಾಗದಲ್ಲಿ ಚುಕ್ಕಿ ಮತ್ತು ಪ್ರಶ್ನಾರ್ಥಕ ಚಿಹ್ನೆ ಇಡಬೇಕು, "-ಇ" ಆಯ್ಕೆಯನ್ನು ದೊಡ್ಡ ಅಕ್ಷರದಲ್ಲಿ ಕೊಡಬೇಕು:

    ಗ್ರೆಪ್ -ಆರ್ -ಎನ್ -ಇ 'ಸಾಫ್ಟ್.?ವೇರ' .

ಎರಡನೆಯದು ಇನ್ನಷ್ಟು ಸೂಕ್ಷ್ಮ. ಯುನಿಕೋಡ್‌ನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. ದೀರ್ಘ "ಲೀ" ಎಂಬುದರಲ್ಲಿ ಈ ಕಾರದ ಚಿಹ್ನೆ ಒಂದೇ ಅಕ್ಷರವಾಗಿರಬಹುದು, ಅಥವಾ ಹ್ರಸ್ವದ ಗುಡಿಸು ಮತ್ತು ಪ್ರತ್ಯೇಕವಾದ ದೀರ್ಘಚಿಹ್ನೆ ಎಂದು ಎರಡಾಗಿರಬಹುದು. "ಕೇ", "ಕೈ", "ಕೊ", "ಕೋ" ಗುಣಿತಗಳಿಗೂ ಹೀಗೆಯೇ ಬಿಡಿಸಿದ ರೂಪಗಳಿವೆ. ಪರದೆಯ ಮೇಲೆ ಎರಡೂ ಒಂದೇ. ಗ್ರೆಪ್‌ಗೆ ಎರಡೂ ಬೇರೆ. ನಮ್ಮ "ಇಂಗ್ಲೀಷ" ಹುಡುಕಾಟವೇ ಇದರಿಂದ ಸೋಲಬಹುದು. ಮದ್ದು ಯುಕಾನ್ವ್ (ಯು-ಸಿ-ಒ-ಎನ್-ವಿ). ಉಬುಂಟುವಿನಲ್ಲಿ ಐಸಿಯು-ಡೆವ್‌ಟೂಲ್ಸ್ ಎಂಬ ಪ್ಯಾಕೇಜ್‌ನೊಂದಿಗೆ ಬರುತ್ತದೆ:

    ಯುಕಾನ್ವ್ -ಎಕ್ಸ್ ಎನಿ-ಎನ್‌ಎಫ್‌ಸಿ < ಹಳೆಯದು.ಟಿಎಕ್ಸ್‌ಟಿ > ಹೊಸದು.ಟಿಎಕ್ಸ್‌ಟಿ

ಎಲ್ಲ ಬಿಡಿರೂಪಗಳೂ ಕೂಡಿದ ರೂಪಕ್ಕೆ ಬರುತ್ತವೆ, ಓದುಗರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಅನುಮಾನ ಬಂದ ಪದವನ್ನು ಪರೀಕ್ಷಿಸಲು "ಎನಿ-ಎನ್‌ಎಫ್‌ಸಿ" ಬದಲು "ಎನಿ-ನೇಮ್" ಕೊಟ್ಟರೆ ಯುಕಾನ್ವ್ ಪ್ರತಿ ಅಕ್ಷರದ ಯುನಿಕೋಡ್ ಹೆಸರನ್ನೇ ಬಿಡಿಸಿ ಬರೆಯುತ್ತದೆ. ಮೇಲೆ ಹೇಳಿದ ಕಾಣದ ಅಕ್ಷರವೂ ಆಗ "ಝೀರೋ ವಿಡ್ತ್ ನಾನ್-ಜಾಯ್ನರ್" ಎಂಬ ಹೆಸರಿನಿಂದ ಬಯಲಾಗುತ್ತದೆ.

ಮೂರನೆಯದು ಹಳೆಯ ನುಡಿ, ಬರಹ ತಂತ್ರಾಂಶಗಳ ಕಾಲದ ಕಡತಗಳು. ಯುನಿಕೋಡ್‌ಗೆ ಮುನ್ನ ಕನ್ನಡದ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿ ಫಾಂಟ್ ಮಾಡುತ್ತಿದ್ದುದರಿಂದ, ಆ ಫಾಂಟ್ ಇಲ್ಲದೆ ಟರ್ಮಿನಲ್‌ನಲ್ಲಿ ತೆರೆದಾಗ ಸ್ವರಭಾರದ ಗುರುತುಗಳಿರುವ ರೋಮನ್ ಅಕ್ಷರಗಳ ಸಾಲುಗಳು ಕಾಣುತ್ತವೆ. ಇವುಗಳಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಯಾವ ಹುಡುಕಾಟವೂ ಫಲಿಸದು. ಪರಿವರ್ತಕವೊಂದರಿಂದ ಯುನಿಕೋಡ್‌ಗೆ ತಂದು, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಓದಿ ಸರಿನೋಡಿದ ಮೇಲೆಯೇ ಮುಂದಿನ ಕೆಲಸ.

ಇನ್ನೊಂದು ಸಣ್ಣ ತೊಡಕಿದೆ. ವಿಂಡೋಸ್‌ನಿಂದ ಬಂದ ಕಡತಗಳಲ್ಲಿ ಪ್ರತಿ ಸಾಲಿನ ಕೊನೆಗೆ ಒಂದು ಹೆಚ್ಚಿನ ಅಕ್ಷರವಿರುತ್ತದೆ. ಫೈಲ್ ಆದೇಶ ಅದನ್ನು "ಸಿಆರ್‌ಎಲ್‌ಎಫ್" ಎಂದು ತಿಳಿಸುತ್ತದೆ. ಸಾಲಿನ ಕೊನೆಯನ್ನು ಸೂಚಿಸುವ ಡಾಲರ್ ಚಿಹ್ನೆ ಹಾಕಿ ಹುಡುಕುವಾಗ ಇದು ಅಡ್ಡ ಬರುತ್ತದೆ. ಡಾಸ್‌2ಯುನಿಕ್ಸ್ ಎಂಬ ಆದೇಶ ಹಾಕಿಕೊಂಡರೆ ಒಂದೇ ಏಟಿಗೆ ಸರಿಹೋಗುತ್ತದೆ.

ಒಂದೊಂದಾಗಿ ತಿದ್ದುವುದು

ಒಂದೆರಡು ಕಡೆ ತಿದ್ದುವುದಕ್ಕೆ ನ್ಯಾನೋ (ಎನ್-ಎ-ಎನ್-ಒ) ಒಳ್ಳೆಯದು. ಗ್ರೆಪ್ ಕೊಟ್ಟ ಸಾಲುಸಂಖ್ಯೆ 42 ಆಗಿದ್ದರೆ ನೇರವಾಗಿ ಅಲ್ಲಿಗೇ ಹೋಗಬಹುದು:

    ನ್ಯಾನೋ -ಎಲ್ +42 ಲೇಖನ.ಟಿಎಕ್ಸ್‌ಟಿ

ಸಾಮಾನ್ಯ ಬರವಣಿಗೆಯಂತೆಯೇ ಟೈಪ್ ಮಾಡಿ. ಉಳಿಸಲು ಕಂಟ್ರೋಲ್ ಮತ್ತು ಒ ಒತ್ತಿ ಎಂಟರ್, ಹೊರಬರಲು ಕಂಟ್ರೋಲ್ ಮತ್ತು ಎಕ್ಸ್, ಹುಡುಕಲು ಕಂಟ್ರೋಲ್ ಮತ್ತು ಡಬ್ಲ್ಯೂ, ಮಾಡಿದ್ದನ್ನು ಹಿಂದಕ್ಕೆ ಪಡೆಯಲು ಆಲ್ಟ್ ಮತ್ತು ಯು. ಇವುಗಳಲ್ಲಿ ಹೆಚ್ಚಿನವು ಪರದೆಯ ತಳದಲ್ಲೇ ಬರೆದಿರುತ್ತವೆ.

ವಿಮ್ (ವಿ-ಐ-ಎಂ) ಬಹಳ ಸಮರ್ಥವಾದದ್ದು. ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಎಂಬ ಎಡಿಟರ್‌ನ ಹಾದಿಯಲ್ಲಿ ಬ್ರಾಮ್ ಮೂಲೆನಾರ್ ಇದನ್ನು 1991ರಲ್ಲಿ ಬಿಡುಗಡೆ ಮಾಡಿದರು. ಆದರೆ ಕನ್ನಡ ಬರೆಯುವವರಿಗೆ ಮೊದಲ ಆಯ್ಕೆಯಾಗಿ ನಾನು ಅದನ್ನು ಹೇಳುವುದಿಲ್ಲ. ವಿಮ್‌ನಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ಆಜ್ಞೆಗಳೆಲ್ಲ ಇಂಗ್ಲಿಷ್ ಅಕ್ಷರಗಳಾದ್ದರಿಂದ ನಿಮಿಷಕ್ಕೆ ಹಲವು ಸಲ ಕೀಲಿಮಣೆಯ ಭಾಷೆ ಬದಲಾಯಿಸಬೇಕಾಗುತ್ತದೆ. ಅಕಸ್ಮಾತ್ ಅದರೊಳಗೆ ಸಿಲುಕಿದರೆ ಕೀಲಿಮಣೆಯನ್ನು ಇಂಗ್ಲಿಷ್‌ಗೆ ತಂದು, ಎಸ್ಕೇಪ್ ಒತ್ತಿ, ":ಕ್ಯೂ!" ಎಂದು ಕೊಟ್ಟರೆ ಏನನ್ನೂ ಉಳಿಸದೆ ಹೊರಬರಬಹುದು, ಉಳಿಸಿ ಹೊರಬರಲು ":ಡಬ್ಲ್ಯೂಕ್ಯೂ".

ಎಲ್ಲ ಕಡತಗಳನ್ನು ಒಟ್ಟಿಗೆ ತಿದ್ದುವುದು

ಈಗ ನಮ್ಮ ಕೆಲಸದ ಮುಖ್ಯ ಭಾಗ. ಸೆಡ್ (ಎಸ್-ಇ-ಡಿ) ಪಠ್ಯವನ್ನು ಸಾಲುಸಾಲಾಗಿ ಓದಿ, ಹೇಳಿದಂತೆ ಬದಲಿಸಿ ಹೊರಹಾಕುತ್ತದೆ. ಮೊದಲು ಒಂದೇ ಕಡತದ ಮೇಲೆ, ಕಡತವನ್ನು ಮುಟ್ಟದೆ ಪರೀಕ್ಷಿಸಬೇಕು:

    ಸೆಡ್ 'ಎಸ್/ಇಂಗ್ಲೀಷ/ಇಂಗ್ಲಿಷ/ಜಿ' ಲೇಖನ.ಟಿಎಕ್ಸ್‌ಟಿ | ಡಿಫ್ ಲೇಖನ.ಟಿಎಕ್ಸ್‌ಟಿ -

ಉದ್ಧರಣದೊಳಗಿನ ಎಸ್ "ಬದಲಿಸು" ಎಂಬ ಆಜ್ಞೆ, ಮೊದಲ ಎರಡು ಓರೆಗೆರೆಗಳ ನಡುವೆ ಹಳೆಯದು, ಮುಂದೆ ಹೊಸದು. ಕೊನೆಯ ಜಿ ಇಲ್ಲದಿದ್ದರೆ ಪ್ರತಿ ಸಾಲಿನಲ್ಲಿ ಮೊದಲು ಸಿಕ್ಕಿದ್ದು ಮಾತ್ರ ಬದಲಾಗುತ್ತದೆ. ಡಿಫ್ (ಡಿ-ಐ-ಎಫ್-ಎಫ್) ಮೂಲಕ್ಕೂ ಬದಲಾದದ್ದಕ್ಕೂ ಇರುವ ವ್ಯತ್ಯಾಸವನ್ನು ತೋರಿಸುತ್ತದೆ. ಕೊನೆಯ ಅಡ್ಡಗೆರೆ "ಪೈಪ್‌ನಿಂದ ಬಂದದ್ದು" ಎಂಬುದರ ಸೂಚನೆ. ಹಳೆಯ ಸಾಲುಗಳು ಎಡಬಾಣದೊಡನೆ, ಹೊಸವು ಬಲಬಾಣದೊಡನೆ ಕಾಣುತ್ತವೆ. ಈ ಪಟ್ಟಿಯನ್ನು ನಿಧಾನವಾಗಿ ಓದುವುದರಲ್ಲಿ ಕಳೆಯುವ ಐದು ನಿಮಿಷ ಎಂದಿಗೂ ವ್ಯರ್ಥವಲ್ಲ. ಬೇರೊಬ್ಬರ ಬರಹದಿಂದ ಉದ್ಧರಿಸಿದ ಸಾಲಿನಲ್ಲಿ, ಹಳೆಯ ಪುಸ್ತಕದ ಶೀರ್ಷಿಕೆಯಲ್ಲಿ ದೀರ್ಘರೂಪವಿದ್ದರೆ ಅದನ್ನು ಹಾಗೆಯೇ ಉಳಿಸುವುದು ಸಂಪಾದಕರ ಧರ್ಮ, ಅಂಥದ್ದನ್ನು ಸೆಡ್ ತಾನಾಗಿ ಗುರುತಿಸಲಾರದು. ಅಂಥ ಸಾಲುಗಳನ್ನು ಬರೆದಿಟ್ಟುಕೊಂಡು ಕೊನೆಗೆ ನ್ಯಾನೋದಲ್ಲಿ ಮೂಲರೂಪಕ್ಕೆ ಮರಳಿಸಬೇಕು.

ಪದವನ್ನು ಅಕಾರಕ್ಕೆ ನಿಲ್ಲಿಸುವ ಉಪಾಯ ಹುಡುಕುವಾಗ ಎಷ್ಟು ಲಾಭವೋ ಬದಲಿಸುವಾಗ ಅಷ್ಟೇ ಅಪಾಯ. "ತಂದ" ಎಂಬುದನ್ನು "ಕೊಟ್ಟ" ಎಂದು ಬದಲಿಸಲು ಹೊರಟರೆ "ತಂದೆ" ಎಂಬುದು "ಕೊಟ್ಟೆ" ಆಗುತ್ತದೆ, ಏಕೆಂದರೆ ಕಡತದಲ್ಲಿ "ತಂದೆ" ಎಂದರೆ "ತಂದ" ಮತ್ತು ಎತ್ವ. "ಮರ" ಎಂಬುದನ್ನು ಮುಟ್ಟಿದರೆ ಮರಳು, ಅಮರ, ಸಮರ ಎಲ್ಲವೂ ಕೆಡುತ್ತವೆ. ಪದ ಅಲ್ಲಿಗೇ ಮುಗಿಯಬೇಕು ಎಂದು ಹೇಳಲು ಅದರ ಮುಂದೆ ಖಾಲಿ ಜಾಗ, ವಿರಾಮಚಿಹ್ನೆ ಅಥವಾ ಸಾಲಿನ ಕೊನೆ ಇರಲಿ ಎಂದು ಷರತ್ತು ಹಾಕಬೇಕು. ಇಲ್ಲಿಯೂ ಆಯ್ಕೆಯ ಇ ದೊಡ್ಡದು:

    ಸೆಡ್ -ಇ 'ಎಸ್/ತಂದ([ .,?!]|$)/ಕೊಟ್ಟ\1/ಜಿ' ಲೇಖನ.ಟಿಎಕ್ಸ್‌ಟಿ

ಆವರಣದೊಳಗೆ ಸಿಕ್ಕಿದ ಚಿಹ್ನೆ ಯಾವುದೋ ಅದನ್ನೇ "\1" ಮರಳಿ ಇಡುತ್ತದೆ. ಪೂರ್ಣಪದವನ್ನಷ್ಟೇ ಹುಡುಕಲು ಗ್ರೆಪ್‌ನಲ್ಲಿ "-ಡಬ್ಲ್ಯೂ" ಎಂಬ ಆಯ್ಕೆ ಇದೆ, ಆದರೆ ಪದದ ಗಡಿ ಎಲ್ಲಿ ಎಂಬ ಅದರ ನಿರ್ಣಯ ನಮ್ಮ ಗುಣಿತಚಿಹ್ನೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಮೇಲಿನಂತೆ ಗಡಿಯನ್ನು ನಾವೇ ಬರೆದು ಹೇಳುವುದು ಖಚಿತ.

ನಮ್ಮ "ಇಂಗ್ಲೀಷ" ಅಷ್ಟು ಉದ್ದದ, ಬೇರೆ ಪದಗಳೊಳಗೆ ಅಡಗದ ಮಾದರಿಯಾದ್ದರಿಂದ ಈ ಭಯವಿಲ್ಲ. ಪರೀಕ್ಷೆ ಮುಗಿದಿದ್ದರೆ ಎಲ್ಲ ಕಡತಗಳನ್ನೂ ತಿದ್ದುವ ಆದೇಶ ಇದು; ಗ್ರೆಪ್‌ನ ಝಡ್ ದೊಡ್ಡದು:

    ಗ್ರೆಪ್ -ಆರ್ -ಎಲ್ -ಝಡ್ --ಇನ್‌ಕ್ಲೂಡ್='*.ಟಿಎಕ್ಸ್‌ಟಿ' 'ಇಂಗ್ಲೀಷ' . | ಎಕ್ಸ್‌ಆರ್ಗ್ಸ್ -0 ಸೆಡ್ -ಐ.ಬ್ಯಾಕ್ 'ಎಸ್/ಇಂಗ್ಲೀಷ/ಇಂಗ್ಲಿಷ/ಜಿ'

ಗ್ರೆಪ್ ಆ ಪದವಿರುವ ಕಡತಗಳ ಹೆಸರುಗಳನ್ನಷ್ಟೇ ಕೊಡುತ್ತದೆ. ಎಕ್ಸ್‌ಆರ್ಗ್ಸ್ (ಎಕ್ಸ್-ಎ-ಆರ್-ಜಿ-ಎಸ್) ಅವನ್ನು ಸೆಡ್‌ಗೆ ಒಪ್ಪಿಸುತ್ತದೆ. "-ಝಡ್" ಮತ್ತು "-0" ಜೊತೆಯಾಗಿ ಇರುವುದು ಒಂದು ಹೆಸರಿನೊಳಗೆ ಖಾಲಿ ಜಾಗವಿದ್ದರೂ ಕಡತದ ಹೆಸರು ತುಂಡಾಗದಿರಲಿ ಎಂದು, "ಊರ ಹಬ್ಬ.ಟಿಎಕ್ಸ್‌ಟಿ" ಎಂಬಂಥ ಹೆಸರುಗಳು ನಮ್ಮಲ್ಲಿ ಬಹಳ. "-ಐ.ಬ್ಯಾಕ್" (ಐ, ಚುಕ್ಕಿ, ಬಿ-ಎ-ಕೆ, ನಡುವೆ ಜಾಗವಿಲ್ಲದೆ) ಕಡತವನ್ನು ಅದರ ಜಾಗದಲ್ಲೇ ಬದಲಿಸಿ, ಮೂಲವನ್ನು ಹೆಸರಿನ ಕೊನೆಗೆ ಬ್ಯಾಕ್ ಸೇರಿಸಿ ಪಕ್ಕದಲ್ಲಿ ಉಳಿಸುತ್ತದೆ. ಬ್ಯಾಕ್ ಇಲ್ಲದೆ ಬರಿಯ "-ಐ" ಕೊಡುವುದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಈ ಕೆಲಸವನ್ನು ಮತ್ತೆ ಮತ್ತೆ ಮಾಡುವವರು ಫೋಲ್ಡರ್ ಅನ್ನು ಗಿಟ್‌ಗೆ (ಕಡತಗಳ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಒಪ್ಪಿಸಿದರೆ ಪ್ರತಿ ತಿದ್ದುಪಡಿಯ ಇತಿಹಾಸವೂ ಉಳಿಯುತ್ತದೆ.

ಸರಿನೋಡುವುದು

ಹಳೆಯ ರೂಪ ಎಲ್ಲಿಯೂ ಉಳಿದಿಲ್ಲವೆಂದು ಮೊದಲು ಕೇಳಬೇಕು. ಬ್ಯಾಕಪ್ ಪ್ರತಿಗಳು ಲೆಕ್ಕಕ್ಕೆ ಬರದಂತೆ ಇನ್‌ಕ್ಲೂಡ್ ಆಯ್ಕೆ ಬೇಕು:

    ಗ್ರೆಪ್ -ಆರ್ -ಎನ್ --ಇನ್‌ಕ್ಲೂಡ್='*.ಟಿಎಕ್ಸ್‌ಟಿ' 'ಇಂಗ್ಲೀಷ' .

ಏನೂ ಬರದಿದ್ದರೆ, ತಿದ್ದಿದ ಕಡತಗಳಲ್ಲಿ ಎರಡು ಮೂರನ್ನು ಆರಿಸಿ ಬ್ಯಾಕ್ ಪ್ರತಿಯೊಡನೆ ಡಿಫ್ ಮಾಡಿ. ಎರಡೂ ಪ್ರತಿಗಳಿಗೆ "ಡಬ್ಲ್ಯೂಸಿ -ಎಂ" ಕೊಟ್ಟರೆ ಅಕ್ಷರಗಳ ಸಂಖ್ಯೆ ಒಂದೇ ಬರಬೇಕು, ಏಕೆಂದರೆ ಒಂದು ದೀರ್ಘಚಿಹ್ನೆಯ ಜಾಗಕ್ಕೆ ಒಂದು ಹ್ರಸ್ವಚಿಹ್ನೆ ಬಂದಿದೆ, ಅಷ್ಟೇ. ಬೇರೆ ಬಂದರೆ ನಾವು ಎಣಿಸದ ಏನೋ ನಡೆದಿದೆ ಎಂದರ್ಥ. ಆಗ ಎಂವಿ (ಎಂ-ವಿ) ಆದೇಶದಿಂದ ಬ್ಯಾಕ್ ಪ್ರತಿಯನ್ನು ಮೂಲದ ಹೆಸರಿಗೆ ಮರಳಿಸಿ, ಕಾಣದ ಅಕ್ಷರಗಳ ಪರೀಕ್ಷೆಯಿಂದ ಮತ್ತೆ ತೊಡಗಬೇಕು.

ಉದ್ಧರಣೆಗಳಲ್ಲಿ ದೀರ್ಘರೂಪವನ್ನು ಮರಳಿಸುವ ಕೆಲಸ ಉಳಿದಿದ್ದರೆ ಅದನ್ನು ಈಗ ನ್ಯಾನೋದಲ್ಲಿ ಮುಗಿಸಿ. ಬ್ಯಾಕ್ ಪ್ರತಿಗಳನ್ನು ಅಂದೇ ಅಳಿಸಬೇಡಿ. ಲೇಖಕರು ತಮ್ಮ ಲೇಖನಗಳನ್ನು ಓದಿ ಒಪ್ಪುವವರೆಗೆ ಅವು ಇರಲಿ. ಆಮೇಲೆ ಮೊದಲು ಪಟ್ಟಿ, ಅದನ್ನು ಓದಿದ ನಂತರ ಅಳಿಸುವಿಕೆ:

    ಫೈಂಡ್ . -ಟೈಪ್ ಎಫ್ -ನೇಮ್ "*.ಬ್ಯಾಕ್"
    ಫೈಂಡ್ . -ಟೈಪ್ ಎಫ್ -ನೇಮ್ "*.ಬ್ಯಾಕ್" -ಡಿಲೀಟ್